ಟೈಲ್ಸ್ ಹಾಕುವ ಮುಂಚೆ ನೆಲ ಒಣಗಿದೆಯೇ? ಒಂದು ಮೊಳ ಪ್ಲಾಸ್ಟಿಕ್ ಹೇಳ್ತದೆ

ಜೋಳ ಒಣಗಿದೆಯೋ ಇಲ್ಲವೋ ಅಂತ ನಾವು ಯಾರನ್ನೂ ಕೇಳಲು ಹೋಗುವುದಿಲ್ಲ. ನಾಲ್ಕು ಕಾಳು ಹಲ್ಲಿಗೆ ಹಾಕಿ ಕಡಿದು ನೋಡ್ತೇವೆ. ಕಟ್ ಅಂತ ಸಪ್ಪಳ ಬಂದರೆ ಚೀಲ ತುಂಬುವುದು, ಮೆತ್ತಗೆ ಅನಿಸಿದರೆ ಇನ್ನೆರಡು ಬಿಸಿಲು ಕೊಡುವುದು. ಆರು ತಿಂಗಳು ಇಡುವ ಕಾಳಿಗೆ ಇಷ್ಟು ಪರೀಕ್ಷೆ ಮಾಡುವ ನಾನು, ಜೀವಮಾನದಲ್ಲಿ ಒಮ್ಮೆ ಕಟ್ಟಿದ ಮನೆಯ ನೆಲ ಒಣಗಿದೆಯೋ ಇಲ್ಲವೋ ಅಂತ ನೋಡಲಿಲ್ಲ. ಕಣ್ಣಿಗೆ ಬೆಳ್ಳಗೆ ಕಂಡಿತು, ಒಣಗಿತು ಅಂತ ತಿಳಿದೆ. ಆ ತಪ್ಪಿಗೆ ಟೈಲ್ಸ್ ಹೋಯಿತು, ಬೀಜದ ಜೋಳವೂ ಹೋಯಿತು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೀತಿದ್ದೇನೆ. ನಾನು ಕಲಿತದ್ದು ಏಳನೆಯ ಇಯತ್ತೆ, ಎಂಜಿನಿಯರ್ ಅಲ್ಲ. ಕೆಟ್ಟ ಮೇಲೆ ಕೇಳಿ, ಮಾಡಿ ನೋಡಿ ತಿಳಿದದ್ದನ್ನಷ್ಟೇ ಹೇಳ್ತೇನೆ.

ನನ್ನ ಮನೆಯಲ್ಲಿ ಆದದ್ದು

ನಮ್ಮದು ಗೋಕಾಕ ತಾಲೂಕಿನ ಮಡ್ಡಿ ಊರು, ಮಳೆ ನಂಬಿದ ಬೇಸಾಯ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಹೊಳೆ ಉಕ್ಕಿ ಗೋಕಾಕ ಪಟ್ಟಣದೊಳಗೇ ನೀರು ನುಗ್ಗಿತ್ತು. ನಮ್ಮೂರಿಗೆ ಹೊಳೆ ಬರಲಿಲ್ಲ. ಆದರೆ ಹಗಲು ರಾತ್ರಿ ಹಿಡಿದ ಮಳೆಗೆ ಅಜ್ಜನ ಕಾಲದ ಮಣ್ಣಿನ ಗೋಡೆ ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಅದು ಹಂತ ಹಂತವಾಗಿ ಬಂದಂತೆ, ಕೈಯಿಂದ ಒಂದಿಷ್ಟು ಹಾಕಿ, ನಡುವೆ ಲಾಕ್‌ಡೌನಿನಲ್ಲಿ ನಿಂತು, ಅಂತೂ 2021ರ ಜೂನ್ ಹೊತ್ತಿಗೆ ನೆಲದ ಕೆಲಸಕ್ಕೆ ಬಂದೆವು.

ಟೈಲ್ಸಿನ ಕೆಳಗೆ ಕಾಂಕ್ರೀಟಿನ ಒಂದು ಹಾಸು ಬೇಕಲ್ಲ, ನಮ್ಮ ಗೌಂಡಿಗಳು ಅದಕ್ಕೆ ಕೋಬಾ ಅಂತಾರೆ. ಮೂರು ಇಂಚು ದಪ್ಪ ಕೋಬಾ ಹಾಕಿಸಿದೆ. ಎಂಟು ದಿನ ನೀರು ಹೊಡೆದೆವು. ಹತ್ತನೇ ದಿನ ಪಡಸಾಲೆಗೆ ಎರಡು ಅಡಿ ಚೌಕದ ಹೊಳೆಯುವ ಟೈಲ್ಸ್ ಕೂಡಿಸಿದರು. ಶ್ರಾವಣದಲ್ಲಿ ಮನೆ ತುಂಬುವ ಮುಹೂರ್ತ ಗೊತ್ತಾಗಿತ್ತು, ನಾನೇ ಅವಸರ ಮಾಡಿದೆ. ಗೌಂಡಿ ಒಮ್ಮೆ, "ಯಪ್ಪಾ, ಇನ್ನ ಸ್ವಲ್ಪ ದಿನ ಬಿಟ್ಟರ ಚೊಲೋ ಇತ್ತು" ಅಂದ. "ಮಂದಿಗೆ ಹೇಳಿಕಿ ಕೊಟ್ಟಾಗೇತಿ, ಕೂಡಸಪಾ" ಅಂತ ನಾನೇ ಅಂದೆ. ಹಾಗಾಗಿ ಗೌಂಡಿಗೆ ತಪ್ಪು ಹೊರಿಸುವಂತಿಲ್ಲ.

ಕಾಳಿನ ಕೋಣೆಗೆ ಟೈಲ್ಸ್ ಬೇಡ ಅಂತ ಬರೀ ಕೋಬಾ ಬಿಟ್ಟಿದ್ದೆ. ಮೂರು ವಾರದ ಆ ಕೋಬಾದ ಮೇಲೆ ಜೋಳದ ಚೀಲ ನೇರವಾಗಿ ಒಟ್ಟಿದೆ. ಸೆಪ್ಟೆಂಬರ್ ಕೊನೆಗೆ ಹಿಂಗಾರಿ ಬಿತ್ತನೆಗೆ ಅಂತ ಕೆಳಗಿನ ಚೀಲ ಬಿಚ್ಚಿದರೆ ಮುಗ್ಗು ವಾಸನೆ. ತಳದ ಕಾಳು ಬೂಸಲು ಹಿಡಿದು ಉಂಡೆ ಕಟ್ಟಿತ್ತು. ಒದ್ದೆ ಅರಿವೆಯಲ್ಲಿ ನೂರು ಕಾಳು ಕಟ್ಟಿ ಮೊಳಕೆ ನೋಡಿದೆ, ಅರ್ಧವೂ ಏಳಲಿಲ್ಲ. ಆ ವರ್ಷ ಬೀಜ ಕೊಂಡು ಬಿತ್ತಿದೆ.

ಮುಂದಿನ ಏಪ್ರಿಲ್ ತಿಂಗಳ ಒಂದು ಸಂಜೆ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಪಟಾಕಿ ಹಾರಿದಂತೆ ಸಪ್ಪಳಾಯಿತು. ನೋಡಿದರೆ ನಡುವಿನ ಎರಡು ಸಾಲು ಟೈಲ್ಸ್ ಒಂದಕ್ಕೊಂದು ತಲೆ ಕೊಟ್ಟು, ಗುಡಿಸಲ ಮಾಡಿನ ಹಾಗೆ ಎದ್ದು ನಿಂತಿದ್ದವು. ಉಳಿದವನ್ನು ಕೋಲಿನಿಂದ ಬಡಿದು ನೋಡಿದರೆ ಬಹಳಷ್ಟು ಡಬ ಡಬ ಅಂತಿದ್ದವು.

ನೀರು ಹೊಡೆಯುವುದು ಬೇರೆ, ಒಣಗುವುದು ಬೇರೆ

ಊರಿನ ರಸ್ತೆ ಕೆಲಸಕ್ಕೆ ಬಂದಿದ್ದ ಎಂಜಿನಿಯರ್ ಒಬ್ಬರನ್ನು ಮನೆಗೆ ಕರೆದು ತೋರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಕ್ಯೂರಿಂಗ್ ಮುಗಿದ ಮೇಲೆ ಎಷ್ಟು ದಿನ ಬಿಟ್ಟಿರಿ?" ಎರಡೇ ದಿನ ಅಂದೆ. ಅವರು ಹೇಳಿದ ಲೆಕ್ಕ ಹೀಗಿದೆ.

50 ಕಿಲೋ ಸಿಮೆಂಟ್ ಚೀಲಕ್ಕೆ ಕಾಂಕ್ರೀಟ್ ಕಲಸುವಾಗ ಸುಮಾರು 30 ಲೀಟರ್ ನೀರು ಹಾಕ್ತೇವೆ. ಸಿಮೆಂಟ್ ಗಟ್ಟಿಯಾಗುವಾಗ ಅದರೊಳಗೇ ಸೇರಿಹೋಗುವ ನೀರು ಅದರ ತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ, ಅಂದರೆ ಚೀಲಕ್ಕೆ ಸುಮಾರು 12 ಲೀಟರ್. ಉಳಿದ 18 ಲೀಟರ್ ಕಲಸಲು ಸಡಿಲಾಗಲಿ ಅಂತ ಹಾಕಿದ್ದು. ಅದರಲ್ಲಿ ಒಂದಿಷ್ಟು ಸಿಮೆಂಟಿನ ಸಣ್ಣ ಸಣ್ಣ ರಂಧ್ರದಲ್ಲಿ ಉಳೀತದೆ, ಮಿಕ್ಕದ್ದು ಹೊರಗೆ ಹೋಗಬೇಕು. ನನ್ನ ಪಡಸಾಲೆಯ ಕೋಬಾಕ್ಕೆ ಐದು ಚೀಲ ಹಿಡಿದಿತ್ತು. ಐದು ಹದಿನೆಂಟಲೆ ತೊಂಬತ್ತು ಲೀಟರ್, ಅಂದರೆ ಆರು ಕೊಡ ನೀರು! ಅದರ ಮೇಲೆ ಎಂಟು ದಿನ ಹೊಡೆದದ್ದು ಬೇರೆ. ಅದರ ಮೇಲೆ ನಾನು ಟೈಲ್ಸ್ ಮುಚ್ಚಿದ್ದೆ.

ನೀರು ಹೊಡೆಯುವುದು ತಪ್ಪಲ್ಲ, ಮಾಡಲೇಬೇಕು. ಕಡಿಮೆ ಅಂದರೂ 7 ದಿನ, ಈಗ ಸಿಗುವ ಬೂದಿ ಬೆರೆತ ಸಿಮೆಂಟಿಗೆ ಮತ್ತು ಬಿಸಿಲುಗಾಲದಲ್ಲಿ 10 ದಿನ. ಆದರೆ ಅದು ನೆಲ ಗಟ್ಟಿಯಾಗಲು. ಒಣಗುವ ಲೆಕ್ಕ ಶುರುವಾಗುವುದು ನೀರು ನಿಲ್ಲಿಸಿದ ದಿನದಿಂದ. ಗಟ್ಟಿಯಾದ ಕೂಡಲೇ ಒಣಗಿತು ಅಂತ ತಿಳಿಯುವುದೇ ನಮ್ಮ ದೊಡ್ಡ ತಪ್ಪು.

ಕೋಬಾ ಒಣಗುತ್ತ ಕುಗ್ತದೆ. ಎರಿ ಹೊಲ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಬಾ ಕುಗ್ಗುವುದು ಕೂದಲೆಳೆಯಷ್ಟೇ, ಆದರೆ ಮೇಲಿನ ಟೈಲ್ಸ್ ಕುಗ್ಗುವುದಿಲ್ಲ. ಸಂದಿಲ್ಲದೆ ಒತ್ತಿ ಕೂಡಿಸಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ, ಮೇಲಕ್ಕೇ ಏಳಬೇಕು. ಬೇಸಿಗೆಯ ಬಿಸಿಗೆ ಟೈಲ್ಸ್ ತುಸು ಹಿಗ್ಗಿದಾಗ ಪಟಕ್ಕನೆ ಎದ್ದದ್ದು ಇದಕ್ಕೇ.

ಹಳೆಯ ಸೆಗಣಿ ಸಾರಿಸಿದ ನೆಲದಲ್ಲಿ ಈ ತೊಂದರೆ ನಮಗೆ ಕಾಣಿಸಿರಲಿಲ್ಲ. ಕೆಳಗಿನ ತೇವ ದಿನಾ ಒಂದಿಷ್ಟು ಮೇಲೆ ಬಂದು ಗಾಳಿಗೆ ಹೋಗ್ತಿತ್ತು. ಈಗಿನ ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ರಷ್ಟೂ ನೀರು ಕುಡಿಯುವುದಿಲ್ಲ. ಗಡಿಗೆಗೆ ಮುಚ್ಚಳ ಹಾಕಿದ ಹಾಗೆ.

ಎಷ್ಟು ದಿನ ಬಿಡಬೇಕು?

ಇಂಗ್ಲೆಂಡಿನ ಕಟ್ಟಡದವರು ಹಿಡಿಯುವ ಒಂದು ಲೆಕ್ಕ ನೆನಪಿಡಲು ಸುಲಭ. ಮೊದಲ 50 ಮಿ.ಮೀ. ದಪ್ಪಕ್ಕೆ, ಮಿ.ಮೀ.ಗೆ ಒಂದು ದಿನ. ಅದಕ್ಕಿಂತ ದಪ್ಪವಾದರೆ ಮೇಲಿನ ಪ್ರತಿ ಮಿ.ಮೀ.ಗೆ ಹೆಚ್ಚು ದಿನ ಬೇಕು, ಎರಡೆರಡು ದಿನ ಅಂತ ಹಿಡಿಯಿರಿ. ಎರಡು ಇಂಚಿನ ಕೋಬಾ ಅಂದರೆ 50 ದಿನ. ಮೂರು ಇಂಚು, ಅಂದರೆ 75 ಮಿ.ಮೀ. ಇದ್ದರೆ ಮೊದಲ 50ಕ್ಕೆ 50 ದಿನ, ಉಳಿದ 25ಕ್ಕೆ 50 ದಿನ, ಒಟ್ಟು 100 ದಿನ. ನಾನು ಬಿಟ್ಟದ್ದು ಎರಡು ದಿನ!

ನಮ್ಮ ಬೇಸಿಗೆ ಒಣ ಗಾಳಿಗೆ ಇದಕ್ಕಿಂತ ಬೇಗ ಒಣಗಬಹುದು, ಮಳೆಗಾಲದಲ್ಲಿ ತಿಂಗಳು ಕಳೆದರೂ ಒಣಗದಿರಬಹುದು. ಆದ್ದರಿಂದ ದಿನ ಎಣಿಸುವುದು ಅಂದಾಜಿಗೆ ಮಾತ್ರ. ಕೊನೆಗೆ ನೆಲವನ್ನೇ ಕೇಳಬೇಕು.

ಒಂದು ಮೊಳ ಪ್ಲಾಸ್ಟಿಕ್ ಪರೀಕ್ಷೆ

ಇದು ಅಮೆರಿಕದಲ್ಲಿಯೂ ಕಾಂಕ್ರೀಟ್ ನೆಲಕ್ಕೆ ಮಾಡುವ ಪರೀಕ್ಷೆ. ಖರ್ಚು ಅಂದರೆ ಒಂದಿಷ್ಟು ಪ್ಲಾಸ್ಟಿಕ್ ಮತ್ತು ಟೇಪ್.

1. ಬಣ್ಣವಿಲ್ಲದ, ಪಾರಕಾಣುವ, 400 ಗೇಜಿನ ಪ್ಲಾಸ್ಟಿಕ್ ಹಾಳೆಯನ್ನು 18 ಇಂಚು ಚೌಕಕ್ಕೆ ಕತ್ತರಿಸಿ. ಅಂದರೆ ಒಂದು ಮೊಳ. ತೂತು ಇರಬಾರದು.

2. ನೆಲದ ಧೂಳು ಸ್ವಚ್ಛ ಗುಡಿಸಿ. ನೀರು ಹಾಕಿ ಒರೆಸಬೇಡಿ.

3. ಹಾಳೆ ಹಾಸಿ ನಾಲ್ಕೂ ಅಂಚಿಗೆ ಅಗಲ ಟೇಪ್ ಅಂಟಿಸಿ. ಗಾಳಿ ಹೋಗುವಷ್ಟು ಸಂದೂ ಇರಬಾರದು.

4. ಒಂದೇ ಕಡೆ ಹಾಕಿದರೆ ಸಾಲದು. ಕೋಣೆಯ ನಡುವೆ ಒಂದು, ಹೊರಗೋಡೆಯ ಬುಡಕ್ಕೆ ಒಂದು, ಬಚ್ಚಲ ಕಡೆ ಒಂದು. ನೇರ ಬಿಸಿಲು ಬೀಳುವ ಜಾಗ ಬೇಡ.

5. ಕಡಿಮೆ ಅಂದರೆ 16 ತಾಸು ಬಿಡಬೇಕು. ನಾನು ಮೂರು ದಿನ ಬಿಡ್ತೇನೆ. ಯಾಕಂದರೆ ದಪ್ಪ ಕೋಬಾದ ತಳದ ತೇವ ಒಂದು ರಾತ್ರಿಯಲ್ಲಿ ಮೇಲೆ ಬರುವುದಿಲ್ಲ.

ಹಾಳೆ ತೆಗೆಯುವ ಮುಂಚೆ ಚೆನ್ನಾಗಿ ನೋಡಿ. ಹಾಳೆಯ ಒಳಮೈಗೆ ನೀರಿನ ಹನಿ ಕೂತಿದ್ದರೆ, ಅಥವಾ ಹಾಳೆ ಇದ್ದ ಜಾಗ ಸುತ್ತಲಿಗಿಂತ ಕಪ್ಪಗೆ ಕಂಡರೆ ನೆಲ ಇನ್ನೂ ಹಸಿ. ಹನಿ ಹಾಳೆಯ ಮೇಲ್ಮೈಗೆ ಇದ್ದರೆ ಅದು ಗಾಳಿಯ ತೇವ, ನೆಲದ್ದಲ್ಲ. ಒಳಗೂ ಇಲ್ಲ, ಕಪ್ಪೂ ಆಗಿಲ್ಲ ಅಂದರೆ ಒಣಗಿದೆ ಅಂತ ಅರ್ಥ.

ಉಪ್ಪಿನ ಸಾಕ್ಷಿ

ಮಳೆಗಾಲದಲ್ಲಿ ಅಡಿಗೆ ಮನೆಯ ಉಪ್ಪು ಬೆವರುವುದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಶುದ್ಧ ಉಪ್ಪು ನೀರಾಗಲು ಶುರುವಾಗುವುದು ಗಾಳಿಯ ತೇವ ಶೇ. 75 ದಾಟಿದಾಗ. ಇಂಗ್ಲೆಂಡಿನಲ್ಲಿ ನೆಲಹಾಸು ಅಂಟಿಸುವ ಮುಂಚೆ, ನೆಲದ ಮೇಲೆ ಮುಚ್ಚಿಟ್ಟ ಗಾಳಿಯ ತೇವ ಶೇ. 75ಕ್ಕಿಂತ ಮೇಲಿರಬಾರದು ಅಂತ ಯಂತ್ರ ಇಟ್ಟು ಅಳೀತಾರೆ. ಎರಡೂ ಒಂದೇ ಅಂಕಿ ಅಂತ ತಿಳಿದ ಮೇಲೆ ನಾನು ಉಪ್ಪು ಇಟ್ಟು ನೋಡಿದೆ. ಬಾಟ್ಲಿ ಮುಚ್ಚಳದಲ್ಲಿ ಪ್ಯಾಕೆಟ್ಟಿನ ಒಣ ಪುಡಿ ಉಪ್ಪು ಒಂದು ಚಿಟಿಕೆ ಹಾಕಿ ನೆಲಕ್ಕಿಟ್ಟು, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿ ಸುತ್ತ ಟೇಪ್ ಸುತ್ತಬೇಕು. ಹರಳು ಉಪ್ಪು ಬೇಡ, ಅದು ಬೇರೆ ಲವಣ ಬೆರೆತು ಬೇಗ ಬೆವರ್ತದೆ. ಇನ್ನೊಂದು ಮುಚ್ಚಳ ಉಪ್ಪನ್ನು ಅದೇ ಕೋಣೆಯ ಮಾಡದಲ್ಲಿ ತೆರೆದಿಡಬೇಕು. ಮೂರು ದಿನಕ್ಕೆ ಲೋಟದೊಳಗಿನದು ಒದ್ದೆಯಾಗಿ, ಮಾಡದ್ದು ಒಣಗಿದ್ದರೆ ತೇವ ನೆಲದ್ದೇ. ಎರಡೂ ಒದ್ದೆಯಾದರೆ ಹವೆಯೇ ಹಸಿ, ಮಳೆ ಬಿಟ್ಟ ಮೇಲೆ ಮತ್ತೆ ನೋಡಬೇಕು. ಇದು ಪ್ಲಾಸ್ಟಿಕ್ ಪರೀಕ್ಷೆಗೆ ಜೊತೆ ಸಾಕ್ಷಿ ಮಾತ್ರ, ಇದೊಂದನ್ನೇ ನಂಬಬೇಡಿ.

ಯಂತ್ರದ ಪರೀಕ್ಷೆಯೂ ಇದೆ. ಕೋಬಾದಿಂದ ಚೂರು ಒಡೆದು ಪುಡಿ ಮಾಡಿ, ಕಾರ್ಬೈಡ್ ಜೊತೆ ಗಟ್ಟಿ ಬಾಟ್ಲಿಯಲ್ಲಿ ಹಾಕಿ ಅಲ್ಲಾಡಿಸ್ತಾರೆ. ನೀರಿದ್ದಷ್ಟು ಗ್ಯಾಸ್ ಏಳ್ತದೆ, ಮುಳ್ಳು ತೋರಿಸ್ತದೆ. ಜರ್ಮನಿಯಲ್ಲಿ ಸಿಮೆಂಟ್ ಹಾಸಿಗೆ ಈ ಲೆಕ್ಕದಲ್ಲಿ ಶೇ. 2ರ ಮಿತಿ. ನಮ್ಮಲ್ಲಿ ರಸ್ತೆಯ ಮಣ್ಣಿನ ಹಸಿ ನೋಡಲು ಇಂಥದೇ ಬಾಟ್ಲಿ ಬಳಸ್ತಾರೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಆ ಗ್ಯಾಸಿಗೆ ಬೆಂಕಿ ಹತ್ತಿದರೆ ಸ್ಫೋಟವಾಗ್ತದೆ. ಚೂರನ್ನು ಹಂಚಿನ ಮೇಲೆ ಹುರಿದು ತೂಕ ನೋಡುವುದೂ ಸರಿಯಲ್ಲ. ಸಿಮೆಂಟಿನೊಳಗೆ ಸೇರಿಹೋದ ನೀರೂ ಹಾರಿಹೋಗಿ ಲೆಕ್ಕ ತಪ್ತದೆ.

ಒಂದೇ ಪರೀಕ್ಷೆ, ಮೂರು ಮನೆ, ಮೂರು ಉತ್ತರ

ನೆಲ ಹಸಿ ಅಂತ ಗೊತ್ತಾದರೆ ಅರ್ಧ ಕೆಲಸ ಆಯಿತು. ನೀರು ಎಲ್ಲಿಂದ ಬರ್ತಿದೆ ಅನ್ನುವುದು ಉಳಿದ ಅರ್ಧ.

ನನ್ನ ಮನೆ: ಎದ್ದ ಟೈಲ್ಸ್ ಕಿತ್ತು ಕೋಬಾ ಹಾಗೇ ಬಿಟ್ಟೆ. 2023ರ ಮೇ ತಿಂಗಳಲ್ಲಿ ಮೂರು ಕಡೆ ಪ್ಲಾಸ್ಟಿಕ್ ಅಂಟಿಸಿದೆ, ಮೂರೂ ಒಣ. ಬೇಸಿಗೆಯ ಉತ್ತರ ನಂಬದೆ ಮಳೆಗಾಲದ ಕೊನೆಗೆ ಮತ್ತೆ ನೋಡಿದೆ, ಆಗಲೂ ಒಣ. ಅಂದರೆ ನಮ್ಮ ಮಡ್ಡಿಯಲ್ಲಿ ಕೆಳಗಿನಿಂದ ನೀರು ಬರ್ತಿಲ್ಲ, ನನ್ನ ಟೈಲ್ಸ್ ಕೆಡಿಸಿದ್ದು ಕಲಸಿದ ನೀರೇ. ಕಾದಿದ್ದರೆ ಒಂದು ರೂಪಾಯಿ ಖರ್ಚಿಲ್ಲದೆ ಉಳೀತಿತ್ತು.

ಮೂಡಲಗಿ ಕಡೆ ತಂಗಿಯ ಮನೆ: ಅವರದು ಘಟಪ್ರಭಾ ಎಡದಂಡೆ ಕಾಲುವೆ ನೀರಿನ ಸೀಮೆ, ಮನೆಯ ಹಿತ್ತಲಿಗೇ ಕಬ್ಬು. ಕಾಲುವೆ ನೀರು ಕುಡಿದು ಕುಡಿದು ಅಲ್ಲಲ್ಲಿ ಭೂಮಿ ಸವಳು ಜವಳಾದದ್ದು ಎಲ್ಲರಿಗೂ ಗೊತ್ತಿದೆ. ಅವರು ಕೋಬಾ ಹಾಕಿ ನಾಲ್ಕು ತಿಂಗಳಾಗಿತ್ತು, ಲೆಕ್ಕದ ಪ್ರಕಾರ ಒಣಗಿರಬೇಕು. ಪ್ಲಾಸ್ಟಿಕ್ ಹಾಕಿದರೆ ನಡುವೆಯೂ ಹನಿ, ಹಿತ್ತಲ ಗೋಡೆಯ ಬುಡಕ್ಕೆ ಇನ್ನೂ ಹೆಚ್ಚು. ಗೋಡೆಗೆ ಮೊಳದೆತ್ತರ ಬಿಳಿ ಉಪ್ಪು ಹೂಬಿಟ್ಟಿತ್ತು. ಇದು ಭೂಮಿಯ ನೀರು, ಎಷ್ಟು ವರ್ಷ ಕಾದರೂ ಒಣಗುವುದಲ್ಲ. ಭಾವ ಮೊದಲು ಹೊಲಕ್ಕೂ ಮನೆಗೂ ನಡುವೆ ಬಸಿಗಾಲುವೆ ತೋಡಿದರು. ಆಮೇಲೆ ಕೋಬಾದ ಮೇಲೆ 1000 ಗೇಜಿನ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಹೊಸದಾಗಿ ಎರಡು ಇಂಚಿನ ಹಾಸು ಹಾಕಿ, ಅದು ಒಣಗಿದ ಮೇಲೆ ಟೈಲ್ಸ್ ಕೂಡಿಸಿದರು. ಬಾಗಿಲ ಹೊಸ್ತಿಲು ಎರಡು ಇಂಚು ತಗ್ಗಾಯಿತು, ಖರ್ಚೂ ಆಯಿತು. "ಅಣ್ಣಾ, ಮೊದಲ ಹಾಕುವಾಗ ಈ ಹಾಳಿ ಹಾಸಿದ್ದರ ಇಷ್ಟ ರೊಕ್ಕ ಉಳೀತಿತ್ತಲ್ಲ" ಅಂತ ತಂಗಿ ಅಂದದ್ದು ನಿಜ.

ಹುಕ್ಕೇರಿ ಕಡೆ ನಮ್ಮ ಬೀಗರ ಮನೆ: ನಡುವೆ ಒಣ, ಹೊರಗೋಡೆಗೂ ಒಣ, ಬಚ್ಚಲ ಕಡೆಯ ಹಾಳೆಯಲ್ಲಿ ಮಾತ್ರ ಹನಿ ಸಾಲುಗಟ್ಟಿತ್ತು. ಅಗೆದು ನೋಡಿದರೆ ಕೋಬಾದೊಳಗಿನ ನೀರಿನ ಪೈಪಿನ ಜೋಡಣೆ ಸೋರ್ತಿತ್ತು. ಅದನ್ನು ಸರಿಮಾಡಿ ಒಂದು ತಿಂಗಳು ಬಿಟ್ಟು ನೋಡಿದರು, ಒಣಗಿತ್ತು. ಟೈಲ್ಸ್ ಹಾಕಿದ ಮೇಲೆ ಗೊತ್ತಾಗಿದ್ದರೆ ಒಡೆಯದೆ ಗತಿ ಇರಲಿಲ್ಲ. ಬೀಗರು, "ನಿಮ್ಮ ಲುಕ್ಸಾನು ನಮಗ ಲಾಭ ಆತು ನೋಡ್ರಿ" ಅಂದರು. ನಾನೂ ನಕ್ಕೆ.

ಗೌಂಡಿಗಳು ಕೇಳುವ ಪ್ರಶ್ನೆ

"ಟೈಲ್ಸ್ ಕೂಡಿಸುವಾಗ ಹೇಗೂ ಹಸಿ ಮಾಲು ಹಾಕ್ತೀವಿ, ಕೋಬಾಕ್ಕೂ ನೀರು ಚಿಮುಕಿಸ್ತೀವಿ. ಮತ್ತೆ ಒಣಗಿಸೋದು ಯಾಕೆ?" ಅಂತ ಗೌಂಡಿಗಳು ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ಚಿಮುಕಿಸಿದ ನೀರು ಮೇಲ್ಮೈಯದು, ಮಾಲು ಚೆನ್ನಾಗಿ ಹಿಡಿಯಲಿ ಅಂತ. ಕೋಬಾದ ಹೊಟ್ಟೆಯೊಳಗಿನ ನೀರು ಬೇರೆ. ಕೋಬಾ ತನ್ನ ಕುಗ್ಗಾಟವನ್ನೆಲ್ಲ ಟೈಲ್ಸ್ ಬರುವ ಮುಂಚೆಯೇ ಮುಗಿಸಿಕೊಂಡಿರಬೇಕು, ಅದಕ್ಕಾಗಿ ಕಾಯುವುದು. ಈಗ ಮಾಲಿನ ಬದಲು ಚೀಲದಲ್ಲಿ ಬರುವ ಅಂಟಿನಿಂದಲೂ ಕೂಡಿಸ್ತಾರೆ. ಅಂಟಿನ ಚೀಲದ ಮೇಲೆ ನೆಲ ಎಷ್ಟು ಒಣಗಿರಬೇಕು ಅಂತ ಬರೆದಿರ್ತದೆ, ಓದಿಸಿಕೊಂಡೇ ಕೆಲಸ ಶುರು ಮಾಡಿಸಿ.

ಹೊಸದಾಗಿ ಕಟ್ಟುವವರಿಗೆ

ಅಡಿಪಾಯದೊಳಗೆ ಎರಿ ಮಣ್ಣು ತುಂಬಬೇಡಿ, ಅದು ನೆನೆದರೆ ಉಬ್ತದೆ, ಒಣಗಿದರೆ ಕುಸೀತದೆ. ಗರಸು ತುಂಬಿ, ನೀರು ಹಾಕಿ, ಧಮ್ಮಸು ಮಾಡಿ. ಕೋಬಾ ಹಾಕುವ ಮುಂಚೆ 1000 ಗೇಜಿನ ಪ್ಲಾಸ್ಟಿಕ್ ಹಾಸಿ, ಜೋಡಣೆಯಲ್ಲಿ ಒಂದರ ಮೇಲೊಂದು ಅರ್ಧ ಅಡಿ ಬರಲಿ. ನೀರಾವರಿ ಸೀಮೆಯವರು ಇದನ್ನು ಬಿಡಲೇಬಾರದು. ಕಾಂಕ್ರೀಟಿಗೆ ನೀರು ಅಳೆದು ಹಾಕಿಸಿ, ಪೈಪ್ ಹಾಕಿ ಸುರಿಯಬೇಡಿ. ನೀರಿನ ಪೈಪುಗಳಿಗೆ ಮೊದಲೇ ನೀರು ತುಂಬಿಸಿ ಸೋರಿಕೆ ನೋಡಿ.

ಟೈಲ್ಸ್ ನಡುವೆ 2-3 ಮಿ.ಮೀ. ಸಂದು, ಗೋಡೆಯ ಬುಡಕ್ಕೆ ಸುತ್ತಲೂ ಕಾಲು ಇಂಚು ಸಂದು ಬಿಡಿಸಿ. ಗೋಡೆಯ ಸಂದನ್ನು ಸಿಮೆಂಟ್ ತುಂಬಿ ಗಟ್ಟಿ ಮಾಡಬೇಡಿ, ಮೇಲೆ ಪಟ್ಟಿ ಟೈಲ್ಸ್ ಬಂದು ಮುಚ್ಚಿಹೋಗ್ತದೆ. ಕೂಡಿಸಿದ ಮೇಲೆ ಒಂದೊಂದನ್ನೂ ನಾಣ್ಯದಿಂದ ಬಡಿದು ನೋಡಿ, ಪೊಳ್ಳು ಸಪ್ಪಳ ಬಂದದ್ದನ್ನು ಗೌಂಡಿ ಇರುವಾಗಲೇ ತೆಗೆಸಿ ಹಾಕಿಸಿ.

ಕಾಳಿನ ಕೋಣೆಗೂ ಇದೇ ಪರೀಕ್ಷೆ ಮಾಡಿ. ಹಾಳೆಗೆ ಹನಿ ಬರುವ ನೆಲದ ಮೇಲೆ ಚೀಲ ಇಟ್ಟರೆ ಆ ಹನಿಯನ್ನು ಕಾಳು ಕುಡೀತದೆ. ನೆಲ ಒಣಗಿದ್ದರೂ ಕಲ್ಲು, ಹಲಗೆ ಇಟ್ಟು ಅದರ ಮೇಲೆ ಚೀಲ ಒಟ್ಟಿ, ಗೋಡೆಗೆ ಒಂದಡಿ ದೂರವಿರಲಿ. ನಮ್ಮ ಹಿರಿಯರು ಹಗೇವಿಗೆ ಕಾಳು ಸುರಿಯುವ ಮುಂಚೆ ಸುತ್ತಲೂ ಕಣಿಕೆ, ಹೊಟ್ಟು ಹಾಸ್ತಿದ್ದದ್ದು ಮಣ್ಣಿನ ತೇವ ಕಾಳಿಗೆ ತಾಗದಿರಲಿ ಅಂತಲೇ. ಸಿಮೆಂಟ್ ಬಂದ ಮೇಲೆ ನಾವು ಅದನ್ನು ಮರೆತೆವು.

ಮುಹೂರ್ತ ಹತ್ತಿರ ಬಂದಿದ್ದರೆ ಏನು ಮಾಡುವುದು ಅಂತ ಕೇಳಬಹುದು. ಬರೀ ಕೋಬಾದ ಮೇಲೆಯೇ ಮನೆ ತುಂಬಿ, ಪೂಜೆ ಮಾಡಿ, ಊಟ ಹಾಕಿ. ಟೈಲ್ಸ್ ಮುಂದಿನ ಬೇಸಿಗೆಗೆ ಹಾಕಿಸಿದರಾಯಿತು. ಬಂದ ಬಂಧು ಬಳಗ ಉಂಡು ಹೋಗ್ತಾರೆ, ನೆಲದ ಮೇಲೆ ಮೂವತ್ತು ವರ್ಷ ಓಡಾಡುವವರು ನಾವು. ನನ್ನ ಪಡಸಾಲೆಗೆ 2024ರ ಬೇಸಿಗೆಯಲ್ಲಿ ಮತ್ತೆ ಟೈಲ್ಸ್ ಹಾಕಿಸಿದೆ. ಅದಾದ ಮೇಲೆ ಬಂದ ಬಿಸಿಲಿಗೆ ಒಂದೂ ಎದ್ದಿಲ್ಲ. ನೀವು ಪ್ಲಾಸ್ಟಿಕ್ ಹಾಕಿ ನೋಡಿದರೆ ಏನು ಕಂಡಿತು ಅಂತ ಈ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ, ಇನ್ನೊಬ್ಬರಿಗೆ ಉಪಯೋಗ ಆಗ್ತದೆ.